ಕಣ್ಣೀರು ಹಾಕದವಳು

ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡಿದ್ದರಿಂದ ಟೈಲರಮ್ಮನ ಮಾತೆಲ್ಲ ಸದ್ಯಕ್ಕೆ ಹ್ಞೂಂ, ಊಹ್ಞೂಂಗಳಲ್ಲೇ ನಡೆಯುತ್ತಿತ್ತು. ಕನ್ನಡಿಯ ಮುಂದೆ ನಿವೃತ್ತ ಕ್ಯಾಪ್ಟನ್ನರು ಸೆಟೆದು ನಿಂತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದರು. ಕಪ್ಪು ಕೋಟು ಗೂಟಕ್ಕೆ ನೇತುಹಾಕಿದಂತೆ ಜೋಲುತ್ತಿತ್ತು. ನಾಳೆ ಮಾಜಿ ಸೈನಿಕರ ಸಂಘದಲ್ಲಿ ಆಕೆಯ ನೆನಪಿನ ಸಭೆ. ಅಷ್ಟರಲ್ಲಿ ಕೋಟಿನ ಎರಡೂ ಬದಿ ಹಿಡಿದು ಮೈಗೆ ಸರಿಯಾಗಿ ಚಿಕ್ಕದು ಮಾಡಿಕೊಡಬೇಕಿತ್ತು.

"ನಾಳೆ ನೀವೂ ನಾಲ್ಕು ಮಾತಾಡ್ಬೇಕು," ಎಂದರು ಕ್ಯಾಪ್ಟನ್.

"ಊಹ್ಞೂಂ."

"ಹಾಗಂದ್ರೆ ಹೇಗೆ? ಅವಳಿಗೆ ನಿಮ್ಮಷ್ಟು ಹತ್ತಿರದವರು ಇನ್ಯಾರಿದ್ರು?"

ಟೈಲರಮ್ಮನ ಗಂಡ ಅವಳನ್ನು ಬಿಟ್ಟುಹೋದಾಗ ಬೀದಿಯೆಲ್ಲ ಬಾಯಿಗೆ ಬಂದಂತೆ ಆಡಿಕೊಂಡಿತ್ತು. ಆಗ ಕ್ಯಾಪ್ಟನ್ನರ ಹೆಂಡತಿ, ಪುಣ್ಯಾತ್ಗಿತ್ತಿ, ಅಂಗಡಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ದಿನಗಟ್ಟಲೆ ಕೂತಿದ್ದಳು. ಯಾರಾದರೂ ಪಿಸುಗುಟ್ಟಿದರೆ, "ಏನ್ರೀ, ಜೋರಾಗಿ ಹೇಳಿ, ನಮಗೂ ಕೇಳ್ಲಿ," ಎನ್ನುತ್ತಿದ್ದಳು. ಯಾರೂ ಜೋರಾಗಿ ಹೇಳಲಿಲ್ಲ. ಅಂಗಡಿ ಉಳಿಯಿತು.

"ಒಂದು ಮಾತ್ರ ಮರೀಬೇಡಿ," ಕ್ಯಾಪ್ಟನ್ ಮುಂದುವರಿಸಿದರು. "ಗಂಡ ಗಡಿಗೆ ಹೊರಟಾಗ ಒಂದು ಸಲಾನೂ ಕಣ್ಣೀರು ಹಾಕಿದವಳಲ್ಲ ಅನ್ನಿ. ಸಂಘದವರೆಲ್ಲ ಅದನ್ನೇ ಹೊಗಳ್ತಾರೆ."

ಆಮೇಲೆ ಕನ್ನಡಿಗೇ ಹೇಳುವಂತೆ ಮೆಲ್ಲಗೆ ಅಂದರು:

"ಸ್ಟೇಷನ್ನಲ್ಲಿ ಬೇರೆ ಹೆಂಗಸರು ಗೊಳೋ ಅಂತಿದ್ರೆ ಇವಳು ನಗ್ತಾ ಕೈ ಬೀಸೋಳು. ಹೆಮ್ಮೆ ಆಗೋದು. ಆದ್ರೆ ರೈಲು ಹೊರಟ ಮೇಲೆ, ಇವಳಿಗೆ ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇನಾ ಅನ್ಸೋದು. ಕೇಳೋಕೆ ಧೈರ್ಯ ಬರ್ಲಿಲ್ಲ. ಈಗ ಯಾರನ್ನ ಕೇಳ್ಲಿ?"

ಕೋಟಿಗೆ ಸೂಜಿ ಚುಚ್ಚುತ್ತಿದ್ದ ಟೈಲರಮ್ಮನ ಕೈ ಅಲ್ಲೇ ನಿಂತಿತು. ಉತ್ತರ ಅವಳಿಗೆ ಗೊತ್ತಿತ್ತು. ಆದರೆ ಗೆಳತಿ ಆಣೆ ಮಾಡಿಸಿಕೊಂಡಿದ್ದಳು: "ಅವರಿಗೆ ಮಾತ್ರ ಹೇಳ್ಬೇಡ ಕಣೇ. ಅಲ್ಲಿ ಬಂದೂಕು ಹಿಡಿದು ನಿಂತಾಗ ನನ್ನ ಈ ಮುಖ ನೆನಪಾದ್ರೆ ಕೈ ನಡುಗುತ್ತೆ." ಸತ್ತವಳ ಗುಟ್ಟು ಬಿಟ್ಟುಕೊಟ್ಟರೆ ಅವಳಿಗೆ ಬಗೆದ ದ್ರೋಹವಲ್ಲವೇ? ಹಾಗಂತ ಈ ಮನುಷ್ಯನನ್ನು ಹೀಗೇ ಮನೆಗೆ ಕಳಿಸುವುದೂ ಹೇಗೆ? ಇನ್ನು ಇವರು ಹಿಡಿಯಬೇಕಾದ ಬಂದೂಕು ಯಾವುದೂ ಇರಲಿಲ್ಲ. ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು.

"ಅಲ್ಲಿ ನಗ್ತಾ ಕೈ ಬೀಸಿ ನೇರ ಎಲ್ಲಿಗೆ ಬರ್ತಿದ್ಲು ಗೊತ್ತಾ? ಇಲ್ಲಿಗೆ. ಆ ಪರದೆ ಹಿಂದೆ ಕೂತು, ಕೈಗೆ ಸಿಕ್ಕಿದ ಬಟ್ಟೆಗೆ ಮುಖ ಒತ್ತಿಕೊಂಡು ಅಳೋಳು. ಯುದ್ಧದ ವರ್ಷ ಲಾಯರೊಬ್ರ ಹೊಸ ಬಿಳಿ ಶರ್ಟಿಗೆಲ್ಲ ಕಾಡಿಗೆ ಮೆತ್ತಿಟ್ಲು ಮಹಾರಾಯ್ತಿ. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಬೇರೆ ಬಟ್ಟೆ ತಂದು ನಾನೇ ಹೊಲಿದು ಕೊಟ್ಟೆ."

ಕ್ಯಾಪ್ಟನ್ನರು ಕನ್ನಡಿ ಬಿಟ್ಟು ಅವಳ ಕಡೆ ತಿರುಗಿದರು.

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

"ಗೊಳೋ ಅಂತ?"

"ಗೊಳೋ ಅಂದ್ರೆ ಗೊಳೋ ಅಂತ. ಪಕ್ಕದ ಚಪ್ಪಲಿ ಅಂಗಡಿಯವನು ಯಾರು ಹೋದ್ರು ಅಂತ ಓಡಿ ಬಂದಿದ್ದ."

ಕ್ಯಾಪ್ಟನ್ನರ ಕೋಟಿನ ಭುಜ ಅಲುಗತೊಡಗಿತು.

"ಅಲ್ಲಾಡ್ಬೇಡಿ, ಸೂಜಿ ಚುಚ್ಚುತ್ತೆ," ಎಂದಳು ಟೈಲರಮ್ಮ.

ಮರುದಿನ ಸಭೆಯಲ್ಲಿ ಅವಳು ಕೊನೆಯ ಸಾಲಿನಲ್ಲಿ ಕೂತಳು. ಸಂಘದ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಭಾಷಣ ಬಿಗಿದರು. ವೀರಪತ್ನಿ, ಕಲ್ಲಿನಂಥ ಮನಸ್ಸು, ಒಂದು ಹನಿ ಕಣ್ಣೀರು ಸುರಿಸಿದವರಲ್ಲ ಎಂದೆಲ್ಲ ಹೊಗಳಿದರು. ಜನ ತಲೆದೂಗಿದರು. ಆಗ ಕ್ಯಾಪ್ಟನ್ನರು ಎದ್ದು, ಮೈಗೆ ಸರಿಯಾಗಿ ಕೂತಿದ್ದ ಕೋಟಿನ ಗುಂಡಿ ಹಾಕಿಕೊಂಡು ಮೈಕಿನ ಹತ್ತಿರ ಹೋದರು.

"ಅಧ್ಯಕ್ಷರಿಗೆ ಯಾರೋ ತಪ್ಪು ಹೇಳಿದಾರೆ," ಎಂದರು. "ನನ್ನ ಹೆಂಡತಿ ಮಹಾ ಅಳುಬುರುಕಿ."

ಹಳೆಯ ಸೈನಿಕರು ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು ಕೈಲಿದ್ದ ನೀರಿನ ಲೋಟವನ್ನು ಕೆಳಗಿಟ್ಟರು. ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲವೇನೋ ಎಂದು ಕ್ಯಾಪ್ಟನ್ನರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ಎದೆಯುಬ್ಬಿಸಿ ಇನ್ನೊಂದು ಸಲ ಹೇಳಿದರು.