ಒಂದೇ ಜ್ವರ, ಎರಡು ಸ್ಕ್ಯಾನ್

ಮಸ್ಕಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಖಾದರಬಾಷಾನಿಗೂ ಅವನ ಹೆಂಡತಿ ಗುಲ್ಷನ್‌ಬೀಗೂ ಕೊರೋನಾದ ಎರಡನೆಯ ಅಲೆಯಲ್ಲಿ, ಮೇ ಕೊನೆಗೆ, ಒಂದೇ ದಿನ ಜ್ವರ ಬಂತು. ಐದನೆಯ ದಿನ ಆಕೆಗೆ ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟತೊಡಗಿತು. ಇಬ್ಬರೂ ಆಟೋ ಮಾಡಿಕೊಂಡು ಸಿಂಧನೂರಿಗೆ ಹೋಗಿ ಎದೆಯ ಸ್ಕ್ಯಾನ್ ಮಾಡಿಸಿದರು.

ಡಾಕ್ಟರ್ ಅನಿಲಕುಮಾರ ಎರಡೂ ಫಿಲ್ಮುಗಳನ್ನು ಬೆಳಕಿಗೆ ಸಿಕ್ಕಿಸಿದರು. ಖಾದರಬಾಷಾನ ಶ್ವಾಸಕೋಶದ ಕೆಳಅಂಚಿನಲ್ಲಿ ಒಂದೆರಡು ಮಸುಕು ಕಲೆ, ಉಳಿದದ್ದೆಲ್ಲ ಕಪ್ಪಗೆ ಚೊಕ್ಕವಾಗಿತ್ತು. ಗುಲ್ಷನ್‌ಬೀಯದು ಎರಡೂ ಕಡೆ ಸುಣ್ಣ ಎರಚಿದಂತೆ ಬೆಳ್ಳಗಾಗಿತ್ತು.

"ಸೋಂಕಿನ ಸ್ಕೋರು ಇಪ್ಪತ್ತೈದಕ್ಕ ನಿಮ್ದು ಮೂರು. ಇವರ್ದು ಹದಿನೆಂಟು."

"ಒಂದಽ ಮನ್ಯಾಗ ಇದ್ದೀವ್ರಿ, ಒಂದಽ ತಾಟಿನ್ಯಾಗ ಉಂಡೀವಿ. ಆಕಿಗೆ ಯಾಕ್ರಿ ಇಷ್ಟು?" ಎಂದ ಖಾದರಬಾಷಾ.

"ಮೊದಲಽ ಬ್ಯಾರೆ ಜಡ್ಡು ಇದ್ದವರಿಗೆ ಹಿಂಗ ಲಗೂನ ಹಬ್ಬತೈತ್ರಿ. ಶುಗರ್ ಏನರ ಐತೇನಮ್ಮಾ?"

"ಐತ್ರಿ, ಎಂಟು ವರ್ಷ ಆತು," ಎಂದಳು ಗುಲ್ಷನ್‌ಬೀ.

"ಗುಳಿಗಿ ತಗೋಳಾಕತ್ತೀರಿಲ್ಲ?"

"ತಗೋಳಾಕತ್ತೀನ್ರಿ." ಗಂಡನ ಕಡೆ ನೋಡದೆ ಹೇಳಿದಳು.

ಅದು ಸುಳ್ಳು. ಸಂಕ್ರಾಂತಿಯ ಹೊತ್ತಿಗೆ ಖಾದರಬಾಷಾ ಲಿಂಗಸುಗೂರಿನ ಸಂತೆಯಿಂದ ಶುಗರಿಗೆ ಮದ್ದೆಂದು ಒಂದು ಬೇರಿನ ಪುಡಿ ತಂದಿದ್ದ. ಗುಳಿಗೆ ನುಂಗಿ ನುಂಗಿ ಹೆಂಡತಿ ಸೊರಗುತ್ತಿದ್ದಾಳೆ ಎಂದು ಅವನಿಗೆ ಚಿಂತೆ. ಗುಳಿಗೆ ಬಿಡಿಸಿ, ದಿನಾ ಬೆಳಿಗ್ಗೆ ತಾನೇ ಬಿಸಿನೀರಲ್ಲಿ ಪುಡಿ ಕಲಸಿ, ಲೋಟ ಅವಳ ಕೈಗೆ ಕೊಡುತ್ತಿದ್ದ.

ಡಾಕ್ಟರು ಬರೆಯುತ್ತಲೇ ಹೇಳಿದರು: "ಸ್ಟೀರಾಯ್ಡ್ ಕೊಡಬೇಕಾಗತೈತಿ. ಅದಕ್ಕ ಶುಗರ್ ಏರತೈತಿ. ಗುಳಿಗಿ ಬಿಟ್ಟಿಲ್ಲಂದ್ರ ಛಲೋ."

ಖಾದರಬಾಷಾ ಕುರ್ಚಿಯಿಂದ ಎದ್ದ. "ಸಾಹೇಬ್ರ, ಆಕಿ ನಾಕು ತಿಂಗಳಿಂದ ಗುಳಿಗಿ ತಗೊಂಡಿಲ್ರಿ. ನಾನಽ ಬಿಡಿಸೀನಿ."

ಗುಲ್ಷನ್‌ಬೀ ಅವನ ತೋಳು ಹಿಡಿದಳು. "ಹೋಗ್ಲಿ ಬಿಡ್ರಿ. ಈಗ್ಯಾಕ ಆ ಮಾತು?"

ರಕ್ತ ನೋಡಿದಾಗ ಶುಗರ್ ನಾನೂರು ದಾಟಿತ್ತು. ಅಲ್ಲೇ ದಾಖಲಿಸಿಕೊಂಡರು. ಇಂಜೆಕ್ಷನ್ ಕೊಟ್ಟು ಶುಗರ್ ಇಳಿಸಿದರು, ಎದೆ ಮಾತ್ರ ತಿಳಿಯಾಗಲಿಲ್ಲ. ನಾಲ್ಕನೆಯ ದಿನ ನರ್ಸಮ್ಮ ಹಿಡಿದ ಫೋನಿನಲ್ಲಿ ಆಕೆ ಆಕ್ಸಿಜನ್ ಮಾಸ್ಕಿನೊಳಗಿಂದಲೇ "ಉಂಡ್ರೇನು?" ಎಂದು ಕೇಳಿದಳು. ಹೊರಗಿನ ಬೇವಿನ ಮರದಡಿ ಕುಳಿತಿದ್ದ ಖಾದರಬಾಷಾ ಉಂಡಿರಲಿಲ್ಲ. "ಉಂಡೆ," ಎಂದ. ಎರಡು ದಿನ ಕಳೆದು, ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಮೊದಲು, ಆಕೆ ತೀರಿಕೊಂಡಳು. ಮಸ್ಕಿಯಲ್ಲಿ ಮಣ್ಣು ಕೊಡಲು ಎಂಟೇ ಜನ ಇದ್ದರು.

ನಲವತ್ತನೆಯ ದಿನ ಲಿಂಗಸುಗೂರಿನಿಂದ ಮಗಳು ಶಾಹೀಸ್ತಾ ಬಂದಳು. ಬಂದವರೆಲ್ಲ ಹೋದ ಮೇಲೆ ಖಾದರಬಾಷಾ ಅವಳನ್ನು ಎದುರಿಗೆ ಕೂಡಿಸಿಕೊಂಡು, ಪುಡಿಯ ವಿಷಯ ಹೇಳಿದ. "ನಿಮ್ಮ ಅಮ್ಮೀನ್ನ ನಾನಽ ಕೊಂದೀನವ್ವಾ."

ಬೈಯುತ್ತಾಳೆ ಎಂದುಕೊಂಡಿದ್ದ. ಶಾಹೀಸ್ತಾ ಸೆರಗಿನ ಅಂಚು ತಿರುವುತ್ತ ಕುಳಿತಳು.

"ನನಗ ಗೊತ್ತಿತ್ತು ಅಬ್ಬಾ," ಎಂದಳು ಆಮೇಲೆ. "ಪುಡಿ ಕುಡಿಯಾಕತ್ತಿದ ಮ್ಯಾಲೆ ಅಂಗಾಲು ಉರಿ ಜಾಸ್ತಿ ಆಗೇತಿ ಅಂತ ಅಮ್ಮಿ ಫೋನಿನ್ಯಾಗ ಹೇಳಿದ್ಲು. ಪುಡಿ ಬಿಡು, ಗುಳಿಗಿ ತಗೋ ಅಂದೆ. 'ದಿನಾ ಮುಂಜಾನೆ ತಾವಽ ಕಲಸಿ ತಂದು ಕೊಡ್ತಾರ, ನಾ ಕುಡಿಯೋದು ನೋಡಿ ನಗ್ತಾರ. ಹೆಂಗ ಬ್ಯಾಡ ಅನ್ಲಿ?' ಅಂದ್ಲು. ನಿಮಗ ಹೇಳಬ್ಯಾಡಂತ ಆಣಿ ಹಾಕಿದ್ಲು. ನಾನೂ ಸುಮ್ಮನಾದೆ."

ಅಷ್ಟು ಹೇಳಿ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಖಾದರಬಾಷಾ ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತ. ಹೆಂಡತಿ ಹೋದ ಮೇಲೆ ಅವನು ಅತ್ತದ್ದು ಅಂದೇ ಮೊದಲು.