ಬಾಲಪ್ಪನ ಎಲೆ

ಆಟಿ ಅಮಾವಾಸ್ಯೆಯ ಹಿಂದಿನ ದಿನ ಬಾಲಪ್ಪನ ಹೆಂಡತಿ ಸುಗುಣಾ ಊರಿನಿಂದ ಫೋನು ಮಾಡಿದಳು.

"ಧಣಿ, ಐದು ವರ್ಷ ಕಾದೆ, ಸಾಕಾಯ್ತು. ಈ ಸಲ ಅವರಿಗೂ ಎಲೆ ಹಾಕ್ತೇವೆ. ಅವರು ಹೆಚ್ಚು ಉಂಡದ್ದು ನಿಮ್ಮ ಹೋಟೆಲಲ್ಲಿ. ಅಲ್ಲಿಯೂ ಒಂದು ಎಲೆ ಹಾಕಿ, ಹೆಸರು ಹಿಡಿದು ಕರೀರಿ. ಇಲ್ಲದಿದ್ರೆ ದಾರಿಯಲ್ಲೇ ಇರ್ತಾರೆ."

ಸತ್ತವರನ್ನು ಕರೆದು ಬಡಿಸುವುದು ನಮ್ಮ ಕಡೆಯ ಕ್ರಮ. ಆದರೆ ಬಾಲಪ್ಪನ ಹೆಣವನ್ನು ಯಾರೂ ಕಂಡಿಲ್ಲ. ಎಲೆ ಹಾಕಿದರೆ ಸತ್ತನೆಂದು ಒಪ್ಪಿದಂತೆ. ಅದನ್ನು ಒಪ್ಪಿದರೆ ನನ್ನ ಪಾಲಿನದ್ದನ್ನೂ ಒಪ್ಪಬೇಕು.

ಕೊರೊನಾದ ಆ ಮಾರ್ಚಿನಲ್ಲಿ ಇಡೀ ದೇಶ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿಯಿತು. ನಾನೂ ಬಡಿದೆ, ಹೋಟೆಲಿನದ್ದೇ ತಟ್ಟೆ. ಎರಡು ದಿನದಲ್ಲಿ ಎಲ್ಲ ಬಂದ್. ಊರಿನಿಂದ ಸುಮಾರು ಒಂಬೈನೂರು ಕಿಲೋಮೀಟರ್ ದೂರದ ಕೋಪರಿಯ ನಮ್ಮ ಹೋಟೆಲಿನ ಅಟ್ಟದಲ್ಲೇ ಮಲಗಿ ಇಪ್ಪತ್ತೆರಡು ವರ್ಷ ದೋಸೆ ಹೊಯ್ದವನಿಗೆ "ಊರಿಗೆ ಹೋಗು" ಎಂದೆ. ರೈಲಿಲ್ಲ, ಬಸ್ಸಿಲ್ಲ. ನಡೆದ. ಸಂಜೆ ದಾರಿಯಲ್ಲಿನ ಘಣಸೋಲಿಯಿಂದ ಅವನ ಫೋನು.

"ಮುಂಡಪ್ಪಣ್ಣ, ಕಾಲು ಊದಿದೆ. ವಾಪಸ್ ಬರ್ಲಾ?"

"ಬೇಡ ಮಾರಾಯ. ಬಿಲ್ಡಿಂಗಿನ ಸೊಸೈಟಿಯವ್ರು ಬಿಡೋದಿಲ್ಲ."

ಸುಳ್ಳು. ಸೊಸೈಟಿಯನ್ನು ನಾನು ಕೇಳಿಯೇ ಇರಲಿಲ್ಲ. ಅಟ್ಟ ಖಾಲಿಯಿತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು. ಹೆದರಿದ್ದೆ, ಅಷ್ಟೆ. ಆಮೇಲೆ ಅವನ ಫೋನು ಹತ್ತಲಿಲ್ಲ. ಈ ಮಾತನ್ನು ನನ್ನ ಹೆಂಡತಿ ಪ್ರಫುಲ್ಲಾಳಿಗೂ ಹೇಳಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಹೋಟೆಲು ಮುಚ್ಚಿ, ಕಾವಲಿಯ ಪಕ್ಕದಲ್ಲಿ ಅವನು ಕೂರುತ್ತಿದ್ದ ಸ್ಟೂಲಿನ ಮುಂದೆ ಪ್ರಫುಲ್ಲಾ ಎಲೆ ಹಾಕಿದಳು. ಅನ್ನ, ಮೊಸರು, ಮಿಡಿ ಉಪ್ಪಿನಕಾಯಿ. ದೋಸೆ ಹೊಯ್ಯುವವನಿಗೆ ದೋಸೆಯೆಂದರೆ ಆಗುತ್ತಿರಲಿಲ್ಲ.

"ಕರೀರಿ" ಎಂದಳು.

ಅವತ್ತು ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು.

"ಬಾಲಪ್ಪಾ, ಬಾ."

ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಒಳಗೆ ಸ್ಟೂಲು ಸರಿದ ಸದ್ದಾಯಿತು. ಇಲಿ ಇರಬಹುದು. ಪ್ರಫುಲ್ಲಾ ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ಬಡಿದು ಒಳಗೆ ಹೋಗಬೇಕು. ಆ ಸದ್ದಿಗೆ ಉಂಡವರು ಎದ್ದು ಹೊರಡುತ್ತಾರೆ.

ಕೈ ಎತ್ತಿದೆ. ಮೇಲಕ್ಕೆತ್ತಿದ ಕೈ ಹಾಗೆಯೇ ನಿಂತಿತು.

"ಬಡೀರಿ ಇವರೇ, ನಾಲ್ಕು ಗಂಟೆಗೆ ಗಿರಾಕಿ ಬರ್ತಾರೆ."

"ಬರ್ಲಿ. ಇವತ್ತು ತೆರೆಯೋದಿಲ್ಲ" ಎಂದೆ. "ಅವನನ್ನು ಒಮ್ಮೆ ಹೊರಡಿಸಿದ್ದು ಸಾಕು."