ಎರಡು ಕಟ್ಟೆ

ಧಾರಿಣಿ ಉದ್ಯಾನ ವಿನ್ಯಾಸ ಓದಲು ಸೇರಿದ್ದೇ ತಡ, ನೊಯಿಡಾದ ಆ ಅಪಾರ್ಟ್‌ಮೆಂಟಿನಲ್ಲಿ ಸಾಯಲು ಬಿದ್ದಿದ್ದ ಗಿಡಗಳಿಗೆಲ್ಲ ಒಬ್ಬಳು ಪುಕ್ಕಟೆ ಡಾಕ್ಟರು ಸಿಕ್ಕಂತಾಯಿತು. ಲಿಫ್ಟಿನಲ್ಲಿ ಕಂಡವರು ನಮಸ್ತೆ ಹೇಳುವುದು ಬಿಟ್ಟು ಫೋನು ತೆಗೆದು ಹಳದಿ ಎಲೆಯ ಫೋಟೊ ತೋರಿಸುತ್ತಿದ್ದರು. ಮೇಲಿನ ಮಹಡಿಯ ಮಿಸೆಸ್ ಗುಪ್ತಾ ಅಂತೂ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗಿಂತ ಮೊದಲೇ ಬಂದು, ಒಣಗಿದ ತುಳಸಿ ಕುಂಡವನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದಳು, ಮಗಳನ್ನು ಬಾಣಂತನಕ್ಕೆ ಬಿಟ್ಟು ಹೋದ ಹಾಗೆ. ತಾನು ಕಲಿಯುತ್ತಿರುವುದು ಗಿಡದ ಜ್ವರ ಇಳಿಸುವ ವಿದ್ಯೆಯಲ್ಲ, ಜಾಗ ಅಳೆದು, ನೆರಳು ಎಲ್ಲಿ ಬೀಳುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಜನ ಎಲ್ಲಿ ನಡೆಯುತ್ತಾರೆ ಎಂದು ನೋಡಿ ನಕ್ಷೆ ಬರೆಯುವ ವಿದ್ಯೆ ಎಂದು ಧಾರಿಣಿ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಳು. ಎಲ್ಲರೂ ತಲೆಯಾಡಿಸಿ, ಅಚ್ಛಾ, ಮಾಲಿ ಕೋರ್ಸ್ ಎಂದರು. ಅದೇ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನ ಮುಂದೆ ಹೂದೋಟ ಮಾಡಿಸಬೇಕಾದಾಗ ಮಾತ್ರ ಗುರುಗ್ರಾಮದಿಂದ ಯಾರನ್ನೋ ಕರೆಸಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಗಿಡದವರ ವಿಷಯದಲ್ಲೂ ನಿಜವೇ.

ಅವಳಿಗೆ ಇದು ಹೊತ್ತು ಹೋಗದವರ ಹವ್ಯಾಸವಾಗಿರಲಿಲ್ಲ. ದಾವಣಗೆರೆಯಿಂದ ಮದುವೆಯಾಗಿ ದೆಹಲಿಗೆ ಬಂದ ಮೇಲೆ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದವಳು ಧಾರಿಣಿ. ಕಂಪನಿ ಬೇರೆ ರಾಜ್ಯಕ್ಕೆ ಹೋಯಿತು, ಅವಳನ್ನು ಇಲ್ಲೇ ಬಿಟ್ಟು ಹೋಯಿತು. ನಲವತ್ತು ದಾಟಿದ ಹೆಂಗಸಿಗೆ ಸಂದರ್ಶನದಲ್ಲಿ ಚಹಾ ಕೊಡುತ್ತಾರೆ, ಕೆಲಸ ಕೊಡುವುದಿಲ್ಲ. ಹಾಗೆ ಚಹಾ ಕುಡಿದು ಕುಡಿದು ಸಾಕಾಗಿ, ಹೌಜ್ ಖಾಸ್ ಹತ್ತಿರದ ಒಂದು ಖಾಸಗಿ ಸಂಸ್ಥೆಯಲ್ಲಿ ಒಂದು ವರ್ಷದ ಡಿಪ್ಲೊಮಾಗೆ ಸೇರಿದಳು. ಪಾಠ ಹೇಳುವ ವರ್ಮಾ ಮೇಡಮ್ ತಮ್ಮದೇ ಆಫೀಸು ನಡೆಸುತ್ತಿದ್ದರು. ಪ್ರತಿ ತಂಡದಿಂದ ಒಬ್ಬರನ್ನು, ಒಬ್ಬರನ್ನೇ, ಅಲ್ಲಿಗೆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಕೊನೆಯ ಪ್ರಾಜೆಕ್ಟನ್ನು ನಿಜವಾದ ಜಾಗದಲ್ಲಿ ಮಾಡಿ ತೋರಿಸಬೇಕು, ಮೇಡಮ್ ಬಂದು ನೋಡುತ್ತಾರೆ. ಆ ಒಂದು ಕುರ್ಚಿ ತನಗೇ ಸಿಗಬೇಕು ಎಂದು ಧಾರಿಣಿ ಹಟ ತೊಟ್ಟಿದ್ದಳು. ಜೊತೆಯಲ್ಲಿದ್ದವರೆಲ್ಲ ಮಗಳ ವಯಸ್ಸಿನವರು. ಅವರಿಗೆ ಇನ್ನೊಂದು ಸಲ ಸಿಕ್ಕೀತು, ಇವಳಿಗೆ ಸಿಗುವುದಿಲ್ಲ.

ಅವಳು ಆರಿಸಿಕೊಂಡದ್ದು ತಮ್ಮ ಟವರಿನ ಹಿಂದಿನ ತುಂಡು ಜಾಗ. ಅಲ್ಲೊಂದು ದೊಡ್ಡ ಬೇವಿನ ಮರವಿತ್ತು, ಅದರ ಕೆಳಗೆ ಒಂದು ಕಾಲದಲ್ಲಿ ಒಂದು ಬೆಂಚೂ ಇತ್ತು. ಮಧ್ಯಾಹ್ನ ಡ್ರೈವರುಗಳು, ಮನೆಗೆಲಸದ ಹೆಂಗಸರು ಬಂದು ಕೂರುತ್ತಾರೆಂದು ನಿವಾಸಿಗಳ ಸಂಘದ ಅಧ್ಯಕ್ಷ ಭಾಟಿಯಾಜಿ ಆ ಬೆಂಚನ್ನು ಕಿತ್ತು ಹಾಕಿಸಿದ್ದರು. ಅಂದಿನಿಂದ ಧಾರಿಣಿಯ ಮನೆಗೆ ಬರುವ ಮಾಲತಿ ಎರಡು ಮನೆಗಳ ಕೆಲಸದ ನಡುವೆ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು, ಅಲ್ಲಿಂದಲೂ ಗಾರ್ಡ್ ಎಬ್ಬಿಸುತ್ತಿದ್ದ. ಒಳಗೆ ಬಂದು ಕೂತು ತಿನ್ನು ಎಂದು ಧಾರಿಣಿ ಕರೆದರೆ ಅವಳು ಬರುತ್ತಿರಲಿಲ್ಲ. ಒಬ್ಬರ ಮನೆಯೊಳಗೆ ಕೂತರೆ ಅದು ಕೆಲಸದ ಹೊತ್ತೇ ಆಗುತ್ತದೆ, ಅಲ್ಲಿ ಬಿಡುವು ಎಲ್ಲಿಯದು?

ವರ್ಮಾ ಮೇಡಮ್ ಮೊದಲ ನಕ್ಷೆ ನೋಡಿ, ಇದರಲ್ಲಿ ಕಾನ್ಸೆಪ್ಟ್ ಎಲ್ಲಿದೆ ಎಂದು ಕೇಳಿದರು. ಮರದ ಕೆಳಗೆ ಕೂರುವ ಜಾಗ ಎಂದಳು ಧಾರಿಣಿ. ಹಾಗಾದರೆ ಬೆಂಚ್ ಎಂದು ಬರೆಯಿರಿ ಎಂದರು ಅವರು. ಬೆಂಚಲ್ಲ ಎಂದಳು. ಏನು ಮಾಡಿದರೂ ಅವಳಿಗೆ ಇಂಗ್ಲಿಷಿನಲ್ಲಿ ಅದಕ್ಕೊಂದು ಹೆಸರು ಸಿಗಲಿಲ್ಲ. ಕೊನೆಗೆ ಸಿಟ್ಟು ಬಂದು, ಹರಕು ಇಂಗ್ಲಿಷು ಹರಕು ಹಿಂದಿ ಎರಡನ್ನೂ ಸೇರಿಸಿ ಹೇಳಿಯೇಬಿಟ್ಟಳು: ನಮ್ಮೂರಲ್ಲಿ ಅದಕ್ಕೆ ಕಟ್ಟೆ ಅನ್ನುತ್ತೇವೆ, ಬೆಂಚಿಗೆ ಇಷ್ಟೇ ಜನ ಅಂತ ಲೆಕ್ಕವಿರುತ್ತದೆ, ಕಟ್ಟೆಗೆ ಯಾರು ಬಂದರೂ ಕೂತವರು ಸ್ವಲ್ಪ ಸರಿದರೆ ಆಯಿತು. ಮೇಡಮ್ ಪೆನ್ಸಿಲು ಕೆಳಗಿಟ್ಟರು. ಆ ಪದವನ್ನು ಅನುವಾದ ಮಾಡಬೇಡಿ, ಹಾಗೇ ಬರೆಯಿರಿ ಎಂದರು. ಬೇರಿಗೆ ಪೆಟ್ಟಾಗದಂತೆ ಮರದ ಎರಡು ಪಕ್ಕಕ್ಕೂ ಒಂದೊಂದು ಗಿಡ್ಡ ಕಟ್ಟೆ ಎಂದು ತೀರ್ಮಾನವಾಯಿತು. ಆ ದಿನ ಧಾರಿಣಿ ಮೆಟ್ರೊದಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ.

ಇನ್ನು ಭಾಟಿಯಾಜಿಯ ಒಪ್ಪಿಗೆ. ಬೆಂಚು ಅಂದರೆ ಉರಿದು ಬೀಳುವ ಮನುಷ್ಯ. ಧಾರಿಣಿ ಎದೆ ಗಟ್ಟಿ ಮಾಡಿಕೊಂಡು ಸಂಘದ ಮೀಟಿಂಗಿನಲ್ಲಿ ನಕ್ಷೆ ಬಿಡಿಸಿ, ಇಟ್ಟಿಗೆ ದಾರಿ, ನಂದಿಬಟ್ಟಲು ಸಾಲು, ಬೇವಿನ ಕೆಳಗೆ ಎರಡು ಕಟ್ಟೆ ಅನ್ನುವುದನ್ನು ಹಿಂದಿಯಲ್ಲಿ ನೀಮ್ ಕೇ ನೀಚೇ ದೋ ಕಟ್ಟೆ ಎಂದು ಓದಿದಳು. ಅವರು ಕಣ್ಣೆತ್ತಿ ಕೂಡ ನೋಡದೆ, ಎರಡೇಕೆ, ನಾಲ್ಕು ಹಾಕಿಸಿ ಎಂದು ಸಹಿ ಮಾಡಿಬಿಟ್ಟರು. ಧಾರಿಣಿ ಮನೆಗೆ ಬಂದು, ಕನ್ನಡದ ಒಂದು ಪದಕ್ಕೆ ಎಂಥ ಶಕ್ತಿ ಇದೆ ನೋಡಿ ಎಂದು ಗಂಡನ ಮುಂದೆ ಬೀಗಿದಳು. ಗಂಡ ಮಹಂತೇಶ ಐಟಿ ಕಂಪನಿಯ ಮ್ಯಾನೇಜರು. ಹೆಂಡತಿಯ ಹೊಸ ಓದನ್ನು ಅವನು ವಿರೋಧಿಸಿರಲಿಲ್ಲ, ಕಿವಿಗೂ ಹಾಕಿಕೊಂಡಿರಲಿಲ್ಲ. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, ಹಾಗಾದರೆ ಕರಿಬೇವಿಗೂ ಏನಾದರೂ ಕನ್ನಡದಲ್ಲಿ ಹೇಳು, ಚಿಗುರುತ್ತಲೇ ಇಲ್ಲ ಎಂದ.

ಗುತ್ತಿಗೆದಾರ ರಾಮಪಾಲನಿಗೆ ಕೊಡುವ ಪ್ರತಿಯಲ್ಲಿ ಹಿಂದಿ ಬರೆದುಕೊಟ್ಟವಳು ಮಗಳು ದಿಶಾ. ಅಮ್ಮ ಹೇಳಿದ್ದನ್ನು ಹಾಗೇ ಬರೆದಳು: ನೀಮ್ ಕೇ ನೀಚೇ, ದೋ ಕಟ್ಟೆ. ದಾರಿ ಹಾಕುವುದು, ಗಿಡ ನೆಡುವುದು ಎಲ್ಲ ಸುಸೂತ್ರವಾಗಿ ನಡೆಯಿತು. ಕಟ್ಟೆಯೊಂದು ಬಾಕಿ ಉಳಿದಿತ್ತು. ಅಷ್ಟರಲ್ಲಿ ದಾವಣಗೆರೆಯಲ್ಲಿ ಅಕ್ಕನ ಮಗಳ ಮದುವೆ ಬಂತು. ಹೋಗದಿದ್ದರೆ ಜನ್ಮವಿಡೀ ಮಾತು ಕೇಳಬೇಕು. ಕೆಲಸ ನೋಡಿಕೊಳ್ಳಿ, ಕೆಳಗಿಳಿದು ಕಣ್ಣಾರೆ ನೋಡಿ ಎಂದು ಮಹಂತೇಶನಿಗೆ ಹೇಳಿ, ಮತ್ತೆ ಹೇಳಿ, ರೈಲು ಹತ್ತಿದ ಮೇಲೂ ಫೋನು ಮಾಡಿ ಹೇಳಿದಳು.

ಮದುವೆ ಮನೆಯ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಅವಳು ಕೇಳಿದ್ದು ಅದೊಂದನ್ನೇ.

"ಕಟ್ಟೆ ಆಯ್ತೇನ್ರೀ?"

"ಆಯ್ತಂತೆ ಕಣೆ. ರಾಮಪಾಲ್ ಫೋನ್ ಮಾಡಿದ್ದ. ದೋನೋ ಕಟ್ಟೆ ಹೋ ಗಯೇ ಅಂದ."

"ನೀವು ನೋಡಿದ್ರಾ?"

"ಅವನೇ ಹೇಳಿದ್ನಲ್ಲ, ಅದೂ ಕನ್ನಡದಲ್ಲೇ ಕಟ್ಟೆ ಅಂತ ಹೇಳಿದ. ಇನ್ನೇನು ನೋಡೋದು? ಚಲೋ, ಊಟ ಮಾಡು ಹೋಗು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಮಹಂತೇಶನದು. ಆದರೆ ಆ ಹೊತ್ತಿಗೆ ಧಾರಿಣಿಗೆ ಅದು ಹೊಳೆಯಲಿಲ್ಲ. ಗುತ್ತಿಗೆದಾರ ತನ್ನ ಪದವನ್ನು ಕಲಿತನಲ್ಲ ಎಂದು ಖುಷಿಪಟ್ಟು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು. ಅತ್ತ ನೊಯಿಡಾದಲ್ಲಿ ಮಳೆಗಾಲದ ಕೊನೆಯ ಮಳೆ ಚೆನ್ನಾಗಿ ಹೊಯ್ಯಿತು.

ಅವಳು ವಾಪಸು ಬಂದದ್ದು ಮೇಡಮ್ ಬರುವ ದಿನವೇ. ರೈಲು ತಡವಾಗಿತ್ತು. ಸೂಟ್‌ಕೇಸು ಗೇಟಿನಲ್ಲಿ ಬಿಟ್ಟು ನೇರ ಟವರಿನ ಹಿಂದಕ್ಕೆ ಓಡಿದಳು. ಇಟ್ಟಿಗೆ ದಾರಿ ಲಕ್ಷಣವಾಗಿತ್ತು. ನಂದಿಬಟ್ಟಲು ಹೂ ಬಿಟ್ಟಿತ್ತು. ಬೇವಿನ ಮರದ ಎರಡು ಪಕ್ಕದಲ್ಲಿ, ನಕ್ಷೆಯಲ್ಲಿ ಗುರುತು ಮಾಡಿದ ಜಾಗದಲ್ಲೇ, ಎರಡು ಸಿಮೆಂಟ್ ಮೂಟೆಗಳು ಬಿದ್ದುಕೊಂಡಿದ್ದವು. ಬೇರೇನೂ ಇರಲಿಲ್ಲ.

ಧಾರಿಣಿ ರಾಮಪಾಲನಿಗೆ ಫೋನು ಮಾಡಿ, ಕಟ್ಟೆ ಎಲ್ಲಿ ಎಂದು ಕೇಳಿದಳು. ಮರದ ಕೆಳಗೇ ಇವೆಯಲ್ಲ ಮೇಡಮ್, ಎರಡು, ನಾನೇ ನಿಂತು ಇಳಿಸಿದೆ ಎಂದ ಅವನು. ಅದರಿಂದ ಏನು ಕಟ್ಟಬೇಕೆಂದು ನೀವು ಹೇಳಲಿಲ್ಲ, ಹಾಗಾಗಿ ಕಾಯುತ್ತಿದ್ದೇನೆ ಎಂದೂ ಸೇರಿಸಿದ. ನಕ್ಷೆಯಲ್ಲಿ ಎತ್ತರ, ಅಗಲ ಎಲ್ಲ ಇತ್ತು. ಅವನು ಆ ಗೋಜಿಗೇ ಹೋಗಿರಲಿಲ್ಲ. ಗಣಪತಿ ಮಾಡೆಂದರೆ ಅವರಪ್ಪನನ್ನು ಮಾಡಿದವರ ಕಥೆ ಕೇಳಿದ್ದಳು. ಇವನು ಬರೀ ಮಣ್ಣು ತಂದು ಸುರಿದು ಕೈ ಮುಗಿದಿದ್ದ.

ಆಫೀಸಿಗೆ ರಜೆ ಹಾಕಿದ್ದ ಮಹಂತೇಶ, ಕಾಲೇಜಿಗೆ ಚಕ್ಕರ್ ಹೊಡೆದ ದಿಶಾ ಇಬ್ಬರೂ ಕೆಳಗಿಳಿದು ಬಂದರು. ದಿಶಾ ಮೂಟೆ ನೋಡಿದಳು, ಅಮ್ಮನ ಮುಖ ನೋಡಿದಳು.

"ಮಮ್ಮಾ, ಹಿಂದೀಲಿ ಕಟ್ಟಾ ಅಂದ್ರೆ ಬೋರಿ, ಮೂಟೆ ಅಲ್ವಾ. ಏಕ್ ಕಟ್ಟಾ, ದೋ ಕಟ್ಟೆ. ಎಲ್ಲರಿಗೂ ಪತಾ ಹೈ."

"ನಿಂಗೆ ಗೊತ್ತಿತ್ತಾ? ಗೊತ್ತಿದ್ದೂ ಬರೆದ್ಯಾ?"

"ಐ ಥಾಟ್ ಗೊಬ್ಬರ. ಗಾರ್ಡನ್ ಅಲ್ವಾ."

ಮೈ ಪರಚಿಕೊಳ್ಳುವಂತಾಯಿತು ಧಾರಿಣಿಗೆ. ಇಷ್ಟು ವರ್ಷ ಈ ಊರಲ್ಲಿದ್ದು, ಮೂಟೆಗೆ ಇಲ್ಲಿ ಏನನ್ನುತ್ತಾರೆ ಎಂದು ತಾನು ಕಿವಿಗೊಟ್ಟಿರಲಿಲ್ಲ. ಭಾಟಿಯಾಜಿ ನಾಲ್ಕು ಹಾಕಿಸಿ ಅಂದದ್ದು ಏಕೆಂದು ಈಗ ತಿಳಿಯಿತು. ಕನ್ನಡದ ಶಕ್ತಿಯಂತೆ, ಶಕ್ತಿ! ಮಹಂತೇಶ ಮೂಟೆಯನ್ನಾದರೂ ಪಕ್ಕಕ್ಕೆ ಸರಿಸೋಣ ಎಂದು ತೋಳು ಮಡಿಸಿ ಎತ್ತಲು ಹೋದ. ಮಳೆಗೆ ನೆನೆದು, ಮಾಲಿ ದಿನಾ ಬಿಡುವ ನೀರು ಕುಡಿದು, ಸಿಮೆಂಟು ಒಳಗೇ ಗಟ್ಟಿಯಾಗಿ ನೆಲ ಕಚ್ಚಿಕೊಂಡಿತ್ತು. ಅವನ ಸೊಂಟ ಹಿಡಿದುಕೊಂಡಿತು, ಮೂಟೆ ಅಲ್ಲಾಡಲಿಲ್ಲ. ವರ್ಷದ ಓದು, ಬಸ್ಸು ಮೆಟ್ರೊಗಳಲ್ಲಿ ಸವೆಸಿದ ಚಪ್ಪಲಿ, ಆ ಒಂದು ಕುರ್ಚಿ, ಎಲ್ಲ ಇಲ್ಲಿಗೆ ಮುಗಿಯಿತೆಂದು ಧಾರಿಣಿಗೆ ಅಳುವೇ ಬಂತು. ಗೇಟಿನಿಂದ ಗಾರ್ಡ್ ಫೋನು ಮಾಡಿ ಯಾರೋ ಮೇಡಮ್ ಬಂದಿದ್ದಾರೆ ಎಂದು ಹೇಳಿ ಆಗಿತ್ತು. ದಿಶಾ ಅಪ್ಪನನ್ನು ಹಿಡಿದುಕೊಂಡು ಮನೆಗೆ ಕರೆದೊಯ್ದಳು, ಧಾರಿಣಿ ಕಣ್ಣೊರೆಸಿಕೊಂಡು ಮೇಡಮ್ ಅವರನ್ನು ಕರೆತರಲು ಹೋದಳು.

ವರ್ಮಾ ಮೇಡಮ್ ಜೊತೆಗೆ ಭಾಟಿಯಾಜಿಯೂ ಬಂದರು. ದಾರಿಯುದ್ದಕ್ಕೂ ಅವರು ಈ ಅಪಾರ್ಟ್‌ಮೆಂಟಿನ ಹಸಿರೆಲ್ಲ ತಮ್ಮ ಕೈಗುಣವೆಂದು ವರ್ಣಿಸುತ್ತಿದ್ದರು. ಟವರಿನ ಮೂಲೆ ತಿರುಗಿದಾಗ ಮೂವರೂ ನಿಂತರು. ಮಧ್ಯಾಹ್ನವಾಗಿತ್ತು. ಒಂದು ಮೂಟೆಯ ಮೇಲೆ ಮಾಲತಿಯೂ ಇನ್ನೊಬ್ಬ ಹೆಂಗಸೂ ಡಬ್ಬಿ ಬಿಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದರು. ಇನ್ನೊಂದರ ಮೇಲೆ ಯಾರದೋ ಡ್ರೈವರು ಚಪ್ಪಲಿ ಬಿಟ್ಟು ಕಾಲು ಮಡಿಸಿ ಕೂತಿದ್ದ. ಧಾರಿಣಿ ಊರಿಗೆ ಹೋಗಿದ್ದಾಗಿನಿಂದ ಇದು ದಿನದ ಪರಿಪಾಠವಾಗಿತ್ತೆಂದು ಅವರು ಕೂತ ಚಂದದಲ್ಲೇ ತಿಳಿಯುತ್ತಿತ್ತು.

ಭಾಟಿಯಾಜಿ ಕೆಂಡವಾದರು. ಬೆಂಚು ಬೇಡವೆಂದ ಮೇಲೂ ಇದೇನು, ಈ ಮೂಟೆಗಳನ್ನು ಈಗಲೇ ತೆಗೆಸಿ ಎಂದು ಅಬ್ಬರಿಸಿದರು. ಡ್ರೈವರು ಗಡಬಡಿಸಿ ಎದ್ದ. ಮಾಲತಿ ಡಬ್ಬಿ ಮುಚ್ಚತೊಡಗಿದಳು. ಅವಳು ಅರ್ಧ ರೊಟ್ಟಿಯನ್ನು ಮಡಚಿ ಡಬ್ಬಿಗೆ ಹಾಕಿದ್ದನ್ನು ನೋಡಿ ಧಾರಿಣಿಗೆ ಬೆಳಗಿನಿಂದ ಯಾರ ಮೇಲೆ ಹಾಕುವುದೆಂದು ತಿಳಿಯದೆ ಹೊತ್ತು ತಿರುಗುತ್ತಿದ್ದ ಸಿಟ್ಟಿಗೆ ಒಂದು ದಾರಿ ಸಿಕ್ಕಿತು. ಗಂಡನ ಮೇಲಿನದು, ಮಗಳ ಮೇಲಿನದು, ರಾಮಪಾಲನ ಮೇಲಿನದು, ಮಿಸೆಸ್ ಗುಪ್ತಾಳ ತುಳಸಿಯ ಮೇಲಿನದು, ಎಲ್ಲ ಒಟ್ಟಿಗೆ ಹೊರಟಿತು. ಆದರೂ ದನಿ ಏರಲಿಲ್ಲ. ಅವಳು ಹಿಂದಿಯಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದಳು.

"ಭಾಟಿಯಾಜಿ, ಮೀಟಿಂಗಿನಲ್ಲಿ ದೋ ಕಟ್ಟೆ ಅಂತ ಓದಿದೆ. ನೀವು ಒಪ್ಪಿ ಸಹಿ ಮಾಡಿದಿರಿ. ಎಣಿಸಿ ನೋಡಿ, ಎರಡೇ ಕಟ್ಟೆ ಇವೆ."

ಭಾಟಿಯಾಜಿಯ ಭಾಷೆಯಲ್ಲೂ ಸುಳ್ಳಿಲ್ಲ, ಇವಳ ಭಾಷೆಯಲ್ಲೂ ಸುಳ್ಳಿಲ್ಲ. ಒಡೆಸುತ್ತೇನೆ ಎಂದರು ಕೊನೆಗೆ. ವರ್ಮಾ ಮೇಡಮ್, ಇಲ್ಲಿ ಮೆಷೀನು ಹಚ್ಚಿದರೆ ಬೇವಿನ ಬೇರು ಹೋಗುತ್ತದೆ, ಮರ ನಿಮ್ಮ ಕೈಗುಣದ್ದೇ ಅಲ್ಲವೇ ಎಂದು ಮೆಲ್ಲಗೆ ಕೇಳಿದರು. ಭಾಟಿಯಾಜಿಗೆ ಒಂದು ಫೋನು ಬಂತು, ಅಥವಾ ಬಂದಂತೆ ಮಾಡಿಕೊಂಡು ಹೊರಟುಹೋದರು.

ರೈಲಿನ ಆಯಾಸವೋ, ಆಡಿದ ಮಾತಿನ ಹೆದರಿಕೆಯೋ, ಧಾರಿಣಿ ಹೋಗಿ ಮಾಲತಿಯಿದ್ದ ಮೂಟೆಯ ತುದಿಯಲ್ಲಿ ಕೂತಳು. ಮಾಲತಿ ಸ್ವಲ್ಪ ಸರಿದಳು. ಮೇಡಮ್ ಆ ಸರಿದದ್ದನ್ನೇ ನೋಡಿದರು. ಆಮೇಲೆ ತಮ್ಮ ಗರಿಗರಿ ಹತ್ತಿ ಸೀರೆಯನ್ನು ಸಿಮೆಂಟಿನ ಧೂಳಿಗೆ ಒಪ್ಪಿಸಿ ಅವರೂ ಬಂದು ಕೂತರು. ಮಾಲತಿ ಇನ್ನಷ್ಟು ಸರಿದಳು, ಅವಳ ಜೊತೆಯವಳು ಡ್ರೈವರು ಬಿಟ್ಟೆದ್ದ ಮೂಟೆಗೆ ಹೋಗಿ ಕೂತಳು. ನಡೆದದ್ದನ್ನು ಧಾರಿಣಿ ಮುಚ್ಚುಮರೆಯಿಲ್ಲದೆ ಹೇಳಿದಳು. ಮೇಡಮ್ ನಗಲಿಲ್ಲ. ಕೆಲಸ ಕಳಪೆ, ಮೇಲ್ವಿಚಾರಣೆ ಇನ್ನೂ ಕಳಪೆ, ಅಂಕ ಕಡಿಮೆ ಬರುತ್ತದೆ ಎಂದರು. ಸೋಮವಾರ ಆಫೀಸಿಗೆ ಬನ್ನಿ, ಅಲ್ಲಿ ನಕ್ಷೆಯಲ್ಲಿ ಒಂದು ಪದ ಬರೆದರೆ ಅದನ್ನು ಕಟ್ಟುವವನ ಬಾಯಲ್ಲಿ ಅದರ ಅರ್ಥ ಹೇಳಿಸಿ ಆಮೇಲೇ ನಕ್ಷೆ ಅವನ ಕೈಗೆ ಕೊಡಬೇಕು ಎಂದರು.

ಧಾರಿಣಿಗೆ ಸೋಮವಾರ ಅನ್ನುವುದು ತಲೆಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಇಳಿಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ರಾಮಪಾಲ. ಅವನ ದನಿಯಲ್ಲಿ ಅಪರಾಧಿಯ ಭಾವ ಎಳ್ಳಷ್ಟೂ ಇರಲಿಲ್ಲ. ಬೆಳಿಗ್ಗೆ ಧಾರಿಣಿ ಮೇಡಮ್ ಕೋಪದಲ್ಲಿದ್ದರಲ್ಲ, ಎರಡು ಸಾಲಲಿಲ್ಲವೇನೋ ಎಂದು ಯೋಚಿಸಿದನಂತೆ, ಇನ್ನೆರಡು ಕಳಿಸಲೇ ಎಂದು ಕೇಳಿದ.

"ದೋ ಕಟ್ಟೆ ಔರ್ ಭಿಜವಾ ದೂಂ, ಮೇಡಮ್?"

ಎದ್ದು ಹೋಗಿದ್ದ ಡ್ರೈವರು ಇನ್ನೂ ಗೋಡೆಗೆ ಒರಗಿ ನಿಂತೇ ಇದ್ದ. ಧಾರಿಣಿ ಅವನನ್ನು ನೋಡಿದಳು, ಮರದ ನೆರಳು ಎಲ್ಲಿಯವರೆಗೆ ಬಿದ್ದಿದೆ ಎಂದು ಕಣ್ಣಲ್ಲೇ ಅಳೆದಳು.

"ಭೇಜ್ ದೋ ಭಯ್ಯಾ," ಎಂದಳು.